ದೇಸೂರಿನ ಏರಿನಲ್ಲಿ ತೆರೆಯದ ಬಾಗಿಲು

ಆಶಿಶ್,

ಇಂದು ಮಧ್ಯಾಹ್ನ ನಿನ್ನ ಆಯಿಯನ್ನು ಖಾನಾಪುರದಲ್ಲಿರುವ ಅವರ ತಂಗಿಯ ಮನೆಯಿಂದ ಟಿಳಕವಾಡಿಗೆ ನಮ್ಮ ಕಾರಿನಲ್ಲೇ ಕರೆತರುತ್ತಿದ್ದೆ.

ನಾವಿಬ್ಬರೂ ಕೈಯಾರೆ ಕಟ್ಟಿದ ಆ ಕಾರಿಗೆ ಯಾವುದೋ ಆಫೀಸಿನವರು ತೆಗೆದುಹಾಕಿದ ಹಳೆಯ ಯುಪಿಎಸ್ ಬ್ಯಾಟರಿಗಳನ್ನು ಕೂರಿಸಿದ್ದು ನನ್ನ ಹಟ. "ಇವು ಯಾವಾಗ ಕೈ ಕೊಡ್ತಾವೋ ಗೊತ್ತಿಲ್ಲ. ಬಾಗಿಲಿಗೆ ಕರೆಂಟಿನ ಗುಂಡಿ ಒಂದ ಸಾಲದು, ಕೈಯಿಂದ ತಗಿಯೂ ಚಿಲಕಾನೂ ಇಡೂಣು," ಎಂದಿದ್ದೆ ನೀನು. ಎಲ್ಲರೆದುರು ನಿನ್ನನ್ನು ಅಂಜುಬುರುಕನೆಂದು ನಕ್ಕೆ. ನೀನು ನನ್ನೊಡನೆ ಮಾತು ಬಿಟ್ಟು ಪುಣೆಗೆ ಹೋಗಿ ವರ್ಷವಾಯಿತು; ಮಾತು ಬಿಟ್ಟದ್ದು ಆಯಿಗೆ ಇನ್ನೂ ಗೊತ್ತಿಲ್ಲ.

ದೇಸೂರಿನ ಏರಿನಲ್ಲಿ ಬ್ಯಾಟರಿಗಳು ಒಮ್ಮೆಲೇ ಸತ್ತವು. ಗಾಜು ಇಳಿಯಲಿಲ್ಲ, ಬಾಗಿಲು ತೆರೆಯಲಿಲ್ಲ. ಹೊರಗೆ ಉರಿಬಿಸಿಲು. ಎಷ್ಟು ಒದ್ದರೂ ಗಾಜು ಬಿರುಕು ಸಹ ಬಿಡಲಿಲ್ಲ. "ಬಸವಾ, ಉಸಿರು ಹಿಡ್ಯಾಕತ್ತೈತೋ," ಎಂದು ಆಯಿ ನನ್ನ ಭುಜಕ್ಕೆ ಒರಗಿದರು. ನಾನು ಗುಂಡಿ ಒತ್ತುತ್ತಲೇ ಇದ್ದೆ. ಕೊನೆಗೆ ಟ್ರ್ಯಾಕ್ಟರಿನವನೊಬ್ಬ ಓಡಿ ಬಂದು ಕಬ್ಬಿಣದ ಸರಳಿನಿಂದ ಗಾಜು ಒಡೆದ.

ಗಿಡದ ನೆರಳಿನಲ್ಲಿ ನೀರು ಕುಡಿದು ಚೇತರಿಸಿಕೊಂಡ ಆಯಿ ನನ್ನ ಕೈ ಹಿಡಿದರು. "ನೀವಿಬ್ರೂ ದಿನಾ ಫೋನಿನ್ಯಾಗ ಮಾತಾಡವ್ರು. ಬಾಯಿ ತಪ್ಪಿ ಇದನ್ನ ಆಶಿಶ್‌ಗ ಹೇಳಬ್ಯಾಡಪಾ. ನಿನ್ನ ಮ್ಯಾಲೆ ಸಿಟ್ಟಾಗ್ತಾನ."

"ಹೇಳಂಗಿಲ್ರಿ, ಆಯಿ," ಎಂದೆ. ಆದರೂ ಬರೆಯುತ್ತಿದ್ದೇನೆ.