ರಾಜ ಹಾರುವುದಿಲ್ಲ

ವಿಶ್ವಾರಾಧ್ಯ,

ನೀನು ತೀರಿಕೊಂಡು ಮೂರು ತಿಂಗಳಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಅವೆನ್ಯೂ ರಸ್ತೆಗೆ ಚೆಸ್ ಪುಸ್ತಕ ಆರಿಸಲು ಹೋಗಿದ್ದೆ. ಹೌದು, ಪುಸ್ತಕ ಓದಿ ಆಟ ಕಲಿಯೋದು ಚಾಪೆ ಮೇಲೆ ಈಜು ಕಲಿತ ಹಾಗೆ ಎಂದು ನಿನ್ನನ್ನು ಆಡಿಕೊಳ್ಳುತ್ತಿದ್ದ ಅದೇ ನಾನು. ಹಳೇ ಕಾಗದದ ವಾಸನೆಗೆ ಮಂಪರು ಹತ್ತಿ, ನೀನು ಪಕ್ಕದಲ್ಲೇ ನಿಂತು ಪುಟ ತಿರುವುತ್ತಿರುವಂತೆ ಅನ್ನಿಸುತ್ತಿತ್ತು.

"ಎಷ್ಟರ ಮಟ್ಟಿಗೆ ಆಡ್ತೀರಾ ಅಂಕಲ್?" ಎಂದ ಅಂಗಡಿಯವನು.

"ಮಾಮೂಲ್‌ಪೇಟೆಲಿ ನನ್ನ ಸೋಲ್ಸೋನು ಇನ್ನೂ ಹುಟ್ಟಿಲ್ಲ ಕಣಯ್ಯಾ!"

ಅವನು ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಹರಡಿದ. ನನ್ನ ಹಳ್ಳಿ ಶಾಲೆಯ ಇಂಗ್ಲಿಷು ಮುಖಪುಟದಲ್ಲೇ ಮುಗ್ಗರಿಸಿತು. ಕನ್ನಡದಲ್ಲಿ ಇದ್ದದ್ದು ಮಕ್ಕಳ ಪುಸ್ತಕವೊಂದೇ. ಅದರಲ್ಲಿ ಮೊದಲು ರಾಜನ ಪುಟ ಹುಡುಕಿದೆ. ನಮ್ಮೂರ ಆಟದಲ್ಲಿ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದಲ್ಲ, ಅದರ ಸುದ್ದಿಯೇ ಇರಲಿಲ್ಲ. ರಾಜ ಹಾಗೆ ಹಾರುವುದಿಲ್ಲ ಎಂದು ನೀನು ಹೇಳಿದ ದಿನ ನಾನು ಮಣೆ ಮಗುಚಿ, ನಿನ್ನನ್ನು ಮೋಸಗಾರ ಎಂದು ಕರೆದು ಎದ್ದು ಬಂದೆ. ಆಮೇಲೆ ಎರಡು ವರ್ಷ, ನೀನು ಹೋಗುವವರೆಗೂ, ನಿನ್ನ ಗುಂಡಿ-ದಾರದ ಅಂಗಡಿಯ ಬೀದಿಗೆ ಕಾಲಿಡಲಿಲ್ಲ.

"ಮೊಮ್ಮಗನಿಗಾ ಅಂಕಲ್?"

"ಇಲ್ಲಪ್ಪ, ವಿಶ್ವಾರಾಧ್ಯನ ಸ್ನೇಹಿತನೊಬ್ಬನಿಗೆ. ಅವನಿಗೆ ಆಟ ಏನೂ ಬರಲ್ಲ, ಬಾಯಿ ಮಾತ್ರ ಜೋರು."

ಅಲ್ಲಿಂದ ಕನಸಿನಲ್ಲಿ ನಡೆದವನ ಹಾಗೆ ನಿನ್ನ ಅಂಗಡಿಗೆ ಬಂದೆ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕೂತು ರಾಜನ ಪುಟವನ್ನು ಮೊದಲಿಂದ ಕೊನೆಯವರೆಗೆ, ಬೀದಿಗೆಲ್ಲ ಕೇಳುವ ಹಾಗೆ ಓದಿದೆ.