ಬಸವನ ಗಂಡಿಯಲ್ಲಿ ನಾಲ್ಕು ಚಕ್ರ

ಅಪ್ಪಾ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಒತ್ತುಗಳು ಎಲ್ಲೆಲ್ಲೋ ಬಿದ್ದಿವೆ, ಬೇಜಾರು ಮಾಡಿಕೊಳ್ಳಬೇಡ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ನಿನಗಂತೂ ಓದು ಬರುತ್ತಿರಲಿಲ್ಲ. ಅಲ್ಲಿ ಯಾರಾದರೂ ಓದಿ ಹೇಳುವವರು ಸಿಕ್ಕರೆ, ತಪ್ಪಿದ್ದ ಕಡೆ ಸರಿ ಮಾಡಿಕೊಂಡು ಓದಿ ಎಂದು ನನ್ನ ಪರವಾಗಿ ಕೇಳಿಕೋ. ಬಾಯಲ್ಲೇ ಹೇಳೋಣ ಎಂದರೆ ನಿನ್ನನ್ನು ಮಣ್ಣು ಮಾಡಿದ ಜಾಗದ ಹತ್ತಿರ ಯಾವಾಗಲೂ ಯಾರಾದರೂ ದನ ಮೇಯಿಸುತ್ತಿರುತ್ತಾರೆ. ಅವರೆದುರು ಮಣ್ಣಿನ ಜೊತೆ ಮಾತಾಡಲು ನನಗೆ ನಾಚಿಕೆ.

ಚಿಕ್ಕವಳಿದ್ದಾಗ ನೀನು ನನ್ನನ್ನು ಗಾಡಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರಿಸಿಕೊಂಡು ಹಿಂದಲ ತೋಟದಿಂದ ಮನೆಗೆ ಬರುತ್ತಿದ್ದದ್ದು ನೆನಪಿದೆಯಾ? ರಾಚಪ್ಪನ ಹೊಲದ ಅಂಚಿನಲ್ಲಿ ಗಾಡಿ ದಾರಿ ಇತ್ತು. ಅವನ ಅಪ್ಪ ಬಿಟ್ಟಿದ್ದ ದಾರಿ. ನಮ್ಮ ತೋಟವನ್ನು ತನಗೆ ಕೊಡು ಎಂದು ರಾಚಪ್ಪ ಕೇಳಿದ, ನೀನು ಆಗಲ್ಲ ಅಣ್ಣ ಎಂದೆ. ಅಷ್ಟೇ ತಾನೆ ನೀನು ಮಾಡಿದ ತಪ್ಪು? ದಾರಿಗೆ ಅಡ್ಡವಾಗಿ ಕಲ್ಲು ಚಪ್ಪಡಿಗಳ ಬೇಲಿ ಎದ್ದು ನಿಂತಿತು. ಪೂರ್ತಿ ಮುಚ್ಚಲು ಅವನಿಗೂ ಧೈರ್ಯವಿರಲಿಲ್ಲ, ಯಾಕೆಂದರೆ ಊರ ಬಸವ ಅದೇ ದಾರಿಯಲ್ಲಿ ಹಿಂದಿನ ಕಟ್ಟೆಗೆ ನೀರಿಗೆ ಹೋಗುತ್ತಿದ್ದ. ಮಾದಪ್ಪ ದೇವರಿಗೆ ಬಿಟ್ಟ ಬಸವ ಹೊಲ ಮೇಯ್ದರೂ ನಮ್ಮೂರಲ್ಲಿ ಯಾರೂ ಕೋಲೆತ್ತುವುದಿಲ್ಲ. ಅವನ ದಾರಿಗೆ ಅಡ್ಡ ಕಟ್ಟುವವರು ಹುಟ್ಟಿಲ್ಲ. ಹಾಗಾಗಿ ಬಸವನ ಮೈ ಉಜ್ಜದಷ್ಟು ಅಗಲಕ್ಕೆ ಒಂದು ಗಂಡಿ ಬಿಟ್ಟ. ಬಸವ ಹೋಗಬಹುದು, ಮನುಷ್ಯ ಹೋಗಬಹುದು, ಗಾಡಿ ಹೋಗುವಂತಿಲ್ಲ. ನೀನು ಎತ್ತುಗಳನ್ನು ಮಾರಿ, ಹೊರೆಯನ್ನು ತಲೆ ಮೇಲೆ ಇಟ್ಟುಕೊಂಡೆ.

ನೀನು ಬಿದ್ದ ದಿನ ರೇಷ್ಮೆ ಹುಳ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಅವು ಹಸಿಯಬಾರದು ಎಂದು ನೀನು ಓಡೋಡಿ ಹೊರುತ್ತಿದ್ದೆ. ಗಂಡಿಯ ಹತ್ತಿರ ನಿನ್ನ ಮೊಣಕಾಲು ಮಡಿಸಿಕೊಂಡಿತು. ಹೊರೆ ಚಪ್ಪಡಿಗೆ ಬಡಿದು ಬಿತ್ತು. ರಾಚಪ್ಪ ಪಂಪ್‌ಸೆಟ್ ಮನೆಯ ಜಗಲಿ ಮೇಲಿಂದ ಎದ್ದು ಬರಲಿಲ್ಲ. ಕೂತಲ್ಲಿಂದಲೇ ಕೂಗಿದ.

"ನೋಡ್ಕಂಡ್ ಓಗೋ! ಕಲ್ಲು ಅಳ್ಳಾಡ್ಬುಟ್ಟದು!"

ಅದು ನಿನ್ನ ಕಿವಿಗೆ ಬಿದ್ದಿತೋ ಇಲ್ಲವೋ... ಬಿದ್ದಿರದಿದ್ದರೆ ಸಾಕು. ನಿನ್ನ ಹಿಂದೆ ಇನ್ನೊಂದು ಹೊರೆ ಹೊತ್ತು ಬರುತ್ತಿದ್ದ ನನ್ನ ಕಿವಿಗೆ ಬಿತ್ತು. ಆಟೋ ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವ ಮೊದಲೇ ನೀನು...

ನಿನ್ನ ಮಣ್ಣಿಗೆ ಹಾಲು ತುಪ್ಪ ಬಿಟ್ಟ ದಿನ ರಾಚಪ್ಪನೂ ಊಟಕ್ಕೆ ಬಂದಿದ್ದ. ನಾನು ನೀರು ಬಡಿಸುತ್ತಿದ್ದೆ. ಅನ್ನ ಕಲಸಿಕೊಳ್ಳುತ್ತಲೇ ಅವ್ವನನ್ನು ಕೇಳಿದ, "ಇನ್ನ ಆ ಹಿಂದ್ಲ ತೋಟ ಯಾರವ್ವ ನೋಡರು? ಎಣ್ಣು ಕೂಸು ಒರೆ ಒರ್ತದಾ? ನಂಗೇ ಕೊಟ್ಬುಡಿ." ಅವ್ವ ಅಳುತ್ತಿದ್ದಳು. ಯಾರೆದುರೂ ಮಾತಾಡದವಳು ನಾನು, ನಿನಗೆ ಗೊತ್ತಲ್ಲ. ಅವನ ಲೋಟಕ್ಕೆ ಮಾತ್ರ ನೀರು ಹಾಕದೆ ಮುಂದಕ್ಕೆ ಹೋದೆ. ಅವತ್ತು ನನ್ನ ಕೈಲಾದದ್ದು ಅಷ್ಟೇ.

ಮಾರನೆಯ ದಿನವೇ ಗಂಡಿಯ ಅಗಲಕ್ಕೆ ಒಂದು ಹಗ್ಗ ಕತ್ತರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಂಡಕಂಡ ಗಾಡಿಗೆಲ್ಲ ಆ ಹಗ್ಗ ಹಿಡಿದು ನೋಡಿದೆ. ಆಟೋ ಆಗಲಿಲ್ಲ, ಚಿಕ್ಕ ಟ್ರ್ಯಾಕ್ಟರೂ ಆಗಲಿಲ್ಲ. ಮೊಪೆಡ್ಡು ಆಗುತ್ತಿತ್ತಲ್ಲ ಎನ್ನುತ್ತೀಯ. ಮಾವನ ಮೊಪೆಡ್ಡು ತಂದು ನೋಡಿದೆ. ಗಂಡಿ ಆಚೆಯ ಹಳ್ಳದ ಮರಳಲ್ಲಿ ಹೊರೆ ಸಮೇತ ಮಗುಚಿಕೊಂಡಿತು. ರಾಚಪ್ಪ ಅದನ್ನೂ ಜಗಲಿ ಮೇಲೆ ಕೂತೇ ನೋಡಿದ.

ಯಳಂದೂರಿನ ಅತ್ತೆ ಮನೆಗೆ ಹೋದಾಗ ಅದು ಕಣ್ಣಿಗೆ ಬಿತ್ತು. ಬೆಟ್ಟದ ರಸ್ತೆಯಲ್ಲಿ ಪ್ಯಾಟೆಯವರು ಬಂದು ಉಳಿಯುವ ಒಂದು ತೋಟದ ಮನೆ ಮುಚ್ಚಿಹೋಗಿತ್ತು. ಅದರ ಹಿಂದೆ ಹುಣಸೆ ಮರದ ಕೆಳಗೆ ನಾಲ್ಕು ಉಬ್ಬು ಚಕ್ರ, ಬೈಕಿನ ಹ್ಯಾಂಡಲ್ಲು, ಮೇಲೆ ಒಂದು ಸೀಟು. ನೆಗೆಯಲು ರೆಡಿಯಾದ ಕಪ್ಪೆಯ ಹಾಗಿತ್ತು. ಕಾವಲಿನ ತಾತ ಹೇಳಿದ, "ಇದ್ಕೆ ಎಟಿವಿ ಅಂತರೆ ಕೂಸೇ. ಕಮ್ಮಿ ರೇಟಿಂದು, ಪ್ಯಾಟೆ ಐಕ್ಳು ಸುತ್ತು ಒಡಿಯಕ್ಕೆ ತಂದಿದ್ರು, ಈಗ ಮಾರ್ತಾವ್ರೆ. ರೋಡ್ಗೆ ಮಾತ್ರ ತರ್ಬ್ಯಾಡ, ಪೊಲೀಸ್ನೋರು ಇಡ್ಕತರೆ. ವಲದಲ್ಲಿ ಓಡ್ಸ್ಕೊ." ನಾನು ಸೊಂಟದಿಂದ ಹಗ್ಗ ತೆಗೆದು ಚಕ್ರದಿಂದ ಚಕ್ರಕ್ಕೆ ಹಿಡಿದೆ. ಹಗ್ಗ ನಾಲ್ಕು ಬೆರಳು ಮಿಕ್ಕಿತು. ಅಪ್ಪಾ, ಆ ನಾಲ್ಕು ಬೆರಳು ನೋಡಿ ನನಗೆ ಬಂದ ನಗು... ತಾತ ಹೆದರಿಕೊಂಡ.

ನಿನ್ನ ಕೊನೇ ಬೆಳೆಯ ಗೂಡು ಮಾರಿದ ದುಡ್ಡಲ್ಲಿ ಅದನ್ನು ಕೊಂಡೆ. ನೀನು ಹೊತ್ತ ಸೊಪ್ಪು ತಿಂದ ಹುಳದ ಗೂಡು, ಅದಕ್ಕೇ. ತಾತ ಬ್ರೇಕು ಒತ್ತಿ ಹಿಡಿದು ಸ್ಟಾರ್ಟ್ ಮಾಡಿ ತೋರಿಸಿದ, ಗೂಡ್ಸ್ ಆಟೋದಲ್ಲಿ ಏರಿಸಿ ಕಳಿಸಿದ. ಮನೆಯಲ್ಲಿ ಇಳಿಸಿದಾಗ ಹಿಂದುಗಡೆ ಒಂದು ಮಾಸಿದ ಕೆಂಪು ದಾರ ನೇತಾಡುತ್ತಿತ್ತು. "ಯಾರೋ ದಿಷ್ಟಿಗೆ ಕಟ್ಟಿರ ದಾರ ಕನಮ್ಮಿ, ಅವ್ರ್ ಪೀಡೆ ನಮ್ಗ್ಯಾಕೆ, ಕಿತ್ತಾಕು" ಎಂದಳು ಅವ್ವ. ಎಳೆದೆ. ತುದಿಯಲ್ಲಿದ್ದ ಚಿಕ್ಕ ಬಿರಡೆ ಸಮೇತ ಬಂತು. ಬೇಲಿಗೆ ಎಸೆದೆ. ಅದೇ ಜಾಗದಲ್ಲಿ ಕಪ್ಪು ದಾರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿ, ಮಂಗಳಾರತಿ ಎತ್ತಿದೆವು.

ಆಮೇಲೆ ಅದು ಸ್ಟಾರ್ಟೇ ಆಗಲಿಲ್ಲ. ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ ನೋಡಿದೆ, ಪ್ಲಗ್ಗು ಬಿಚ್ಚಿ ಉಜ್ಜಿದೆ, ಹನೂರಿಗೆ ಹೋಗಿ ಬ್ಯಾಟರಿ ಚಾರ್ಜ್ ಮಾಡಿಸಿದೆ. ಗರಗರ ಅನ್ನುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಊರಲ್ಲಿ ಅದಕ್ಕೆ ಕಪ್ಪೆ ಗಾಡಿ ಎಂದು ಹೆಸರೇ ಬಿದ್ದಿತು. ರಾಚಪ್ಪ ನಮ್ಮ ಮನೆ ಮುಂದೆ ಹಾದು ಹೋಗುವಾಗ ನಿಂತು ಕೇಳಿದ, "ಏನ್ ಕೂಸೇ, ಕಾವಿಗೆ ಕೂತದಾ ನಿನ್ ಕಪ್ಪೆ? ಮೊಟ್ಟೆ ಎಷ್ಟು ಇಕ್ತು?" ಬೀದಿಯಲ್ಲಿದ್ದವರೆಲ್ಲ ನಕ್ಕರು. ನಾನು ಒಳಗೆ ಹೋಗಿ ಹುಳದ ತಟ್ಟೆಗಳ ಸಂದಿಯಲ್ಲಿ ಕೂತೆ. ಅಳಲಿಲ್ಲ, ನಂಬು. ಅವನು ನಕ್ಕ ಹಲ್ಲುಗಳನ್ನು ಒಂದೊಂದೇ ನೆನಪಿಟ್ಟುಕೊಂಡೆ.

ಕೊಳ್ಳೇಗಾಲಕ್ಕೆ ಮತ್ತೆ ಗೂಡ್ಸ್ ಆಟೋದಲ್ಲೇ ತೆಗೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ಹಿಂದೆ ಬೈಕ್ ರಿಪೇರಿ ಮಾಡುವವನು ಸುತ್ತ ಒಂದು ಸಲ ಬಂದ, ನಿಂಬೆಹಣ್ಣಿನ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಇಲ್ಲೊಂದು ಕೆಂಪು ದಾರ ಇರ್ಬೇಕಲ್ಲಕ್ಕ, ಎಲ್ಲಿ?"

"ಅದು... ದಿಷ್ಟಿ ದಾರ ಅಂತ..."

"ದಿಷ್ಟಿ ದಾರ! ಅಕ್ಕೋ, ಅದು ಗಾಡಿ ನಿಲ್ಸೋ ದಾರ! ಚಿಕ್ಕ ಐಕ್ಳು ಓಡ್ಸುವಾಗ ದೊಡ್ಡೋರು ಇಂದ್ಗಡೆಯಿಂದ ಎಳುದ್ರೆ ಇಂಜಿನ್ ಆಫ್ ಆಯ್ತದೆ. ಬಿರಡೆ ಮತ್ತೆ ಸಿಕ್ಸೋ ಗಂಟ ನಿಂಬೆಹಣ್ಣಲ್ಲ, ಕುಂಬ್ಳಕಾಯಿ ಕಟ್ಟುದ್ರೂ ಓಡಲ್ಲ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ಊರಿಗೆ ಬಂದು ಅವ್ವನೂ ನಾನೂ ಕಳ್ಳಿ ಬೇಲಿಯೊಳಗೆ ಕೈ ಗೀರಿಕೊಂಡು ಹುಡುಕಿದೆವು. ಸಿಕ್ಕಿತು. ಸಿಕ್ಕಿಸಿದೆ. ಒಂದೇ ಒತ್ತಿಗೆ ಹತ್ತಿಕೊಂಡಿತು. ರಾಚಪ್ಪನಿಗೆ ಕೇಳಿಸಲಿ ಎಂದು ನಿಂತಲ್ಲೇ ರೇಸ್ ಮಾಡಿದೆ.

ಕಲಿತದ್ದನ್ನು ನೋಡಿದ್ದರೆ ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದರ ಆಕ್ಸಿಲರೇಟರ್ ಹೆಬ್ಬೆರಳಿಗೆ ಸಿಗುತ್ತದೆ. ಹೆದರಿ ಹ್ಯಾಂಡಲ್ಲು ಬಿಗಿಯಾಗಿ ಹಿಡಿದರೆ ಹೆಬ್ಬೆರಳೂ ಒತ್ತಿಬಿಡುತ್ತದೆ. ನೇರ ತಿಪ್ಪೆಗೆ ಹೋಗಿ ಹೊಕ್ಕಿದೆ. ಸೈಕಲ್ಲಿನ ಹಾಗೆ ಕಾಲು ಕೊಡಲು ಹೋದೆ, ಹಿಂದಿನ ಚಕ್ರ ನನ್ನ ಪಾದದ ಮೇಲೇ ಹತ್ತಿತು. ಪಂಕ್ಚರ್ ಅಂಗಡಿಯವನು ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿಸಿದ್ದ, ಸೊಪ್ಪು ಕುಣಿದು ಕುಣಿದು ದಾರಿಯೆಲ್ಲ ಬಿತ್ತು. ಅಂಗೈಯಲ್ಲಿ ಒತ್ತಿದರೆ ಬಗ್ಗುವಷ್ಟಿದ್ದರೆ ಸಾಕು ಎಂದು ಆಮೇಲೆ ತಿಳಿಯಿತು. ಒಂದು ದಿನ ಗಂಡಿಯಲ್ಲಿ ಬಸವ ಎದುರಾದ. ಮೂಸಿದ, ನಿಂತ, ಕದಲಲಿಲ್ಲ. ಬಸವನಿಗೆ ರಿವರ್ಸ್ ಇಲ್ಲ, ಹಾಗಾಗಿ ನಾನು ರಿವರ್ಸ್ ಕಲಿತೆ.

ಹೊರೆ ಹೇರಿಕೊಂಡು ಗಂಡಿ ದಾಟಿದ ಮೊದಲ ದಿನ ರಾಚಪ್ಪ ಜಗಲಿಯಿಂದ ಎದ್ದು ನಿಂತ. ನೀನು ಬಿದ್ದಾಗ ಏಳದಿದ್ದವನು ಎದ್ದ ಅಪ್ಪಾ. ನಾನು ಬೇಕೆಂದೇ ನಿಧಾನ ಮಾಡಿದೆ. ದಿನಾ ಅವನ ಊಟದ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆ. ಅವನನ್ನು ಬಿಟ್ಟುಬಿಡು ಕೂಸೇ ಎನ್ನುತ್ತಿದ್ದೆ ನೀನು, ಗೊತ್ತು. ನೀನು ಬಿಟ್ಟೆ. ಬಿಟ್ಟು ಏನು ಸಿಕ್ಕಿತು ಹೇಳು?

ಮೊನ್ನೆಯ ಬೆಳೆಯಲ್ಲಿ ಹುಳ ಮತ್ತೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಬೆಳಿಗ್ಗೆ ಹೋದರೆ ಗಂಡಿಯ ನಟ್ಟನಡುವೆ ಒಂದು ಚಪ್ಪಡಿ ತುಂಡು ನೆಟ್ಟಿದೆ! ಬಸವ ಪಕ್ಕದ ಊರಿನ ಕಡೆ ಹೋಗಿ ಕೆಲವು ದಿನವಾಗಿತ್ತು, ಆ ಧೈರ್ಯ ರಾಚಪ್ಪನಿಗೆ. "ತಲೆ ಮ್ಯಾಲ್ ಒತ್ಕಂಡ್ ಓಗು, ನಿಮ್ಮಪ್ಪ ಒರ್ತಿರ್ನಿಲ್ವಾ?" ಎಂದ. ಹೊತ್ತೆ. ಎಷ್ಟು ಹೊತ್ತರೂ ಹುಳಕ್ಕೆ ಸಾಲಲಿಲ್ಲ, ತಟ್ಟೆಗಳಲ್ಲಿ ಸದ್ದು ಕಡಿಮೆಯಾಗತೊಡಗಿತು. ನನ್ನ ಕುತ್ತಿಗೆ ನೋಯುವಾಗ ನಿನ್ನ ಕುತ್ತಿಗೆ ನೆನಪಾಯಿತು. ಅವ್ವ ಸೋತುಹೋದಳು. "ಕೊಟ್ಬುಡಣ ಕನಮ್ಮಿ ಆ ತೋಟವ. ಅಪ್ಪನ್ ಥರ ನಿನ್ನೂ ಕಳ್ಕಳಕ್ಕೆ ನನ್ ಕೈಲಿ ಆಗಲ್ಲ" ಎಂದಳು. ನಾನು ಇನ್ನೊಂದು ಹೊರೆಗೆ ತೋಟಕ್ಕೆ ಹೊರಟೆ.

ಆದರೆ ಬಸವ ವಾಪಸ್ಸು ಬಂದ. ನೀರಿಗೆ ಹೊರಟು ಬಂದು ಕಲ್ಲಿಗೆ ಹಣೆ ಇಟ್ಟು ನಿಂತ. ಬಳಸಿಕೊಂಡು ಹೋಗಲಿಲ್ಲ. ಬಾಳೆಹಣ್ಣು ಕೊಟ್ಟರು, ಮುಟ್ಟಲಿಲ್ಲ. ಬಿಸಿಲೇರಿತು, ಊರೇ ಸೇರಿತು. ಹಾಲಿನ ಮಾದಮ್ಮಜ್ಜಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು, "ಏನ್ಲಾ ರಾಚ, ಮಾದಪ್ಪಂಗೂ ಗೇಟ್ ಆಕ್ಬುಟ್ಟಾ? ಟಿಕೀಟ್ ಎಲ್ ಕೊಟ್ಟೈ?"

ರಾಚಪ್ಪ, "ಕಪ್ಪೆ ಗಾಡಿ ಬರ್ದೇ ಇರ್ಲಿ ಅಂತ ಕನವ್ವ..." ಎಂದ.

"ಅವಳ್ ಗಾಡಿ ಓಗೋದು ಬಸವನ್ ದಾರೀಲಿ, ನಿನ್ ಎದೆ ಮ್ಯಾಲಲ್ಲ. ಕೀಳ್ಲಾ ಮೊದ್ಲು!"

ಆಳನ್ನು ಕರೆಯಲು ಹೋದ. ಊರ ಯಜಮಾನರು ಬೇಡ, ನೆಟ್ಟವನೇ ಕೀಳಬೇಕು ಎಂದರು. ಹಾರೆ ಹಿಡಿದು, ಬೆವರು ಸುರಿಸಿಕೊಂಡು, ಎಲ್ಲರ ಎದುರು ಅವನೇ ಕಿತ್ತ. ತೆಂಗಿನಕಾಯಿ ಒಡೆದು ಬಸವನ ಕಾಲಿಗೆ ಬಿದ್ದ. ಏಳುವಾಗ ಅವನ ಮೊಣಕಾಲು ಮಡಿಸಿಕೊಂಡಿತು, ನೀನು ಬಿದ್ದಿದ್ದ ಜಾಗದಲ್ಲೇ. ನನಗೆ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಯಾಕೆ ಬರೆಯಲಿ? ಇನ್ನೂ ಒಂದು ಗಳಿಗೆ ಏಳದೆ ಇದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗ ನಾನು ಮಾತಾಡಿದೆ ಅಪ್ಪಾ. ಅಷ್ಟು ಜನರ ನಡುವೆ, ನಾನು.

"ಈ ಕಲ್ಲು ನಿಮ್ಗೆ ಇನ್ ಬ್ಯಾಡ್ವಾ ದೊಡ್ಡಪ್ಪ? ನಾನ್ ತಕಂಡ್ ಓಗ್ಲಾ?"

ಅವನು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ. "ತಕಂಡೋಗವ್ವ, ಅವ್ನೇನ್ ಯೋಳನು" ಎಂದಳು ಮಾದಮ್ಮಜ್ಜಿ. ಗಂಡಿಯ ಅಗಲ ಅಳೆದಿದ್ದ ಹಗ್ಗ ಸಾಲಲಿಲ್ಲ, ಬಾವಿ ಹಗ್ಗ ತಂದು ಕಲ್ಲಿಗೆ ಬಿಗಿದು ಗಾಡಿಯ ಹಿಂದಕ್ಕೆ ಕಟ್ಟಿದೆ. ಕೆಂಪು ದಾರ ಸಿಕ್ಕಿಕೊಳ್ಳದ ಹಾಗೆ ಪಕ್ಕಕ್ಕೆ ಸರಿಸಿದೆ. ಫಸ್ಟ್ ಗೇರಲ್ಲಿ ಅವನ ಮುಂದೆಯೇ, ಅವನ ಬೇಲಿಯ ಉದ್ದಕ್ಕೂ ಕರಕರ ಎನ್ನಿಸಿಕೊಂಡು ಎಳೆದು ತಂದೆ.

ಹುಳ ಬದುಕಿದವು. ಈ ಸಲದ ಗೂಡು ಗಟ್ಟಿಯಾಗಿದೆ. ತೋಟದ ಮಾತನ್ನು ಅವ್ವ ಮತ್ತೆ ಎತ್ತಿಲ್ಲ.

ಆ ಕಲ್ಲನ್ನು ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದೇನೆ. ನೀನು ಸಿಂಬಿ ಸುತ್ತಿ ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದ ಟವೆಲ್ಲನ್ನು ನೀನು ಬಿದ್ದ ದಿನದಿಂದ ನಾನು ಒಗೆದಿರಲಿಲ್ಲ, ಸೊಪ್ಪಿನ ಕಲೆ ಹಾಗೇ ಇತ್ತು. ಇವತ್ತು ಬೆಳಿಗ್ಗೆ ಅದನ್ನು ನೆನೆಸಿ, ಸೋಪು ಹಚ್ಚಿ, ಆ ಕಲ್ಲಿನ ಮೇಲೆ ಒಗೆದೆ. ರಾಚಪ್ಪನ ಜಗಲಿಗೆ ಕೇಳಿಸುವಷ್ಟು ಜೋರಾಗಿ ಬಡಿದೆ.