ಕಪ್ಪು ನಾಯಿಯ ಫೋಟೊ ತೆಗೆಯುವ ಬಗೆ

ಸಾಗರ
೧೮ ನವೆಂಬರ್ ೨೦೨೪

ಕಾಂತರಾಜ್ ಅವರಿಗೆ ತನುಜಾ ಮಾಡುವ ನಮಸ್ಕಾರ.

ಕಟ್ಟಿಕೊಂಡ ಗಂಡನಿಗೆ ಯಾರಾದರೂ ಹೀಗೆ ಬರೆಯುತ್ತಾರೆಯೇ ಎಂದು ನಿಮಗೆ ಸಿಟ್ಟು ಬರಬಹುದು. ಬರಲಿ. ನಾನು ತೀರ್ಥಹಳ್ಳಿ ಬಿಟ್ಟು ಬಂದು ಹದಿನಾರು ತಿಂಗಳಾಯಿತು, ಬದುಕಿದ್ದೀಯಾ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ ಚಂಪಿಯ ಒಂಬತ್ತು ಫೋಟೊ ವಾಟ್ಸಾಪಿನಲ್ಲಿ ಬಂದವು. 'ಒಂದೂ ಸರಿ ಬರ್ತಿಲ್ಲ. ನೀನು ಹೆಂಗೆ ತೆಗೀತಿದ್ದೆ, ಬರ್ದು ಕಳ್ಸು. ಮೇಗರವಳ್ಳಿ ಗಿರಿಧರ ಮರಿ ಹಾಕ್ಸಕ್ಕೆ ನಾಯಿ ಕೇಳ್ತಿದಾನೆ' ಎಂದಿರಿ. ಕೇಳಿದ್ದೀರಿ, ಬರೆಯುತ್ತೇನೆ.

ಮೊದಲನೆಯದು, ನಡು ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ನಾಯಿಯನ್ನು ನಿಲ್ಲಿಸಬೇಡಿ. ಬೆಳಿಗ್ಗೆ ಎಂಟರೊಳಗೆ ಜಗುಲಿಯ ನೆರಳಲ್ಲಿ, ಮುಖ ಅಂಗಳದ ಕಡೆಗಿರುವಂತೆ ಕೂರಿಸಿ. ಆಕಾಶದ ಬೆಳಕು ಕಣ್ಣಲ್ಲಿ ಚುಕ್ಕೆಯಾಗಿ ಕಾಣಬೇಕು, ಅದಿಲ್ಲದಿದ್ದರೆ ನಾಯಿ ಸತ್ತಂತೆ ಕಾಣುತ್ತದೆ. ಹಿಂದೆ ಹಸಿರು ಹೆಚ್ಚಿದ್ದರೆ ಕ್ಯಾಮೆರಾ ಆ ಹಸಿರನ್ನೇ ನೋಡಿ ಬೆಳಕು ಅಳೆಯುತ್ತದೆ, ನಾಯಿ ಕರಿ ಮುದ್ದೆಯಾಗುತ್ತದೆ. ಬೆಳಕನ್ನು ಒಂದು ಹಂತ ಏರಿಸಿಕೊಳ್ಳಿ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಇನ್ನು, ನೆಲದ ಮೇಲೆ ಬೋರಲು ಮಲಗಬೇಕು. ನಿಮ್ಮ ಒಂಬತ್ತೂ ಫೋಟೊಗಳನ್ನು ನಿಂತುಕೊಂಡೇ ತೆಗೆದಿದ್ದೀರಿ. ಇಸ್ತ್ರಿ ಅಂಗಿ ಕೊಳೆಯಾಗುತ್ತದಲ್ಲ! ಹನ್ನೊಂದು ವರ್ಷ ಆ ಅಂಗಳದಲ್ಲಿ ಮೊಣಕೈ ತರಚಿಕೊಂಡು ಮಲಗಿದವಳು ನಾನು, ನಾಯಿ ಮಾರಲು ಹಾಕುತ್ತಿದ್ದ ಫೋಟೊದ ಕೆಳಗೆ ಬರುತ್ತಿದ್ದದ್ದು ನಿಮ್ಮ ಹೆಸರು. ನಾಯಿಯ ಹೆಸರು ಹಿಡಿದು ಹತ್ತು ಸಲ ಕೂಗಬೇಡಿ, ಆಮೇಲೆ ಅದು ತಿರುಗಿಯೂ ನೋಡುವುದಿಲ್ಲ. ನಾಲಿಗೆಯಲ್ಲಿ ಒಂದೇ ಸಲ ಲೊಚಗುಟ್ಟಿ. ಕಿವಿ ನಿಮಿರುತ್ತದೆ, ಆಗಲೇ ಒತ್ತಬೇಕು. ಅಷ್ಟು ಹೊತ್ತೂ ಫೋಕಸ್ ಕಣ್ಣಿನ ಮೇಲೇ ಇರಲಿ.

ಆದರೆ ನಿಮಗೆ ಬೇಕಾಗಿದ್ದದ್ದು ಇದ್ಯಾವುದೂ ಅಲ್ಲ ಎಂದು ನನಗೆ ಗೊತ್ತಿದೆ. ಎಂಟು ವರ್ಷದ ಚಂಪಿ ನಾಲ್ಕು ವರ್ಷದವಳಂತೆ ಕಾಣಬೇಕು. ಅದನ್ನೂ ಬರೆಯುತ್ತೇನೆ. ನಿಮ್ಮ ಮೀಸೆಗೆ ಹಚ್ಚುವ ಕಪ್ಪು ಬಣ್ಣವನ್ನೇ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೂತಿಯ ಮೇಲೆ, ಹುಬ್ಬಿನ ಮೇಲೆ ತೆಳ್ಳಗೆ ಹಚ್ಚಬೇಕು. ಜೋತುಬಿದ್ದ ಮೊಲೆ ಕಾಣದಂತೆ ಎದುರಿಗೆ ಕೂರಿಸಬೇಕು. ಸವೆದ ಹಲ್ಲು ಕಾಣದಂತೆ ಬಾಯಿ ಮುಚ್ಚಿದಾಗ ತೆಗೆಯಬೇಕು. ನೀವು ಹಿಂದೆ ಮಾರಿದ ಮುದಿ ನಾಯಿ ಜೂಲಿಗೆ ಹೀಗೆಲ್ಲ ಮಾಡಿದವಳು ನಾನೇ. ಬೇಡ ಎನ್ನಲಿಲ್ಲ. ಫೋಟೊ ಚೆನ್ನಾಗಿ ಬಂತೆಂದು ಒಳಗೊಳಗೇ ಹಿಗ್ಗಿದೆ ಕೂಡ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಬಣ್ಣ ನಂಬಿ ಹೊಸನಗರದ ಬೆಳ್ಳಪ್ಪನವರು ಜೂಲಿಯನ್ನು ಕೊಂಡುಹೋದರು. ಎಳೆಯ ನಾಯಿಯೆಂದೇ ಗಬ್ಬ ಕಟ್ಟಿಸಿದರು. ಅದು ಮರಿ ಹಾಕಲಾಗದೆ ಸತ್ತಿತು. ಸುದ್ದಿಯ ಫೋನ್ ಬಂದಾಗ ನೀವು ಊಟಕ್ಕೆ ಕೂತಿದ್ದಿರಿ. ಅನ್ನಕ್ಕೆ ಮಜ್ಜಿಗೆ ಬಿಟ್ಟುಕೊಳ್ಳುತ್ತಾ, 'ಸದ್ಯ, ವಯಸ್ಸು ಗೊತ್ತಾಗ್ಲಿಲ್ಲ ಅವ್ರಿಗೆ' ಎಂದಿರಿ. ಮರುದಿನ ನಾನು ಸಾಗರದ ಬಸ್ಸು ಹತ್ತಿದೆ. ಸ್ಟುಡಿಯೊ ಹುಚ್ಚಿಗೆ ಗಂಡನನ್ನು ಬಿಟ್ಟಳು ಎಂದು ನೀವು ಊರಿಗೆಲ್ಲ ಹೇಳಿಕೊಂಡು ಬಂದಿರಿ, ನಾನೂ ಸುಮ್ಮನಿದ್ದೆ. ನಿಜ ಹೇಳಿದ್ದರೆ ಬಣ್ಣದ ಮಾತೂ ಹೇಳಬೇಕಾಗುತ್ತಿತ್ತು.

ಹೋದ ವಾರ ಬೆಳ್ಳಪ್ಪನವರು ನನ್ನ ಸ್ಟುಡಿಯೊ ಹುಡುಕಿಕೊಂಡು ಬಂದರು. ಕೈಯಲ್ಲಿ ಜೂಲಿಯ ಅದೇ ಫೋಟೊ. ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಬೇಕಂತೆ. 'ನಿಮ್ಮನೇಲಿ ಹೆಂಗಿತ್ತು ನೋಡಿ ತಂಗಿ. ನಮ್ಮನೆಗೆ ಬಂದು ಒಂದೂವರೆ ತಿಂಗ್ಳಿಗೆ ಮೂತಿ ಎಲ್ಲ ಬೆಳ್ಳಗಾತು. ನಮ್ಮನೇಲಿ ಏನೋ ಕೊರತೆ ಆತು. ನಮಗೆ ನಾಯಿ ಆಗಿಬರಾದಿಲ್ಲ' ಎಂದರು. ಅವರ ಹೆಂಡತಿ ಜೋಯಿಸರ ಹತ್ತಿರ ಕೇಳಿಸಿದ್ದಾರಂತೆ, ಮನೆಯಲ್ಲಿ ದೋಷವಿದೆ ಎಂದಾಯಿತಂತೆ. ಅಂದಿನಿಂದ ಅವರ ಅಂಗಳದಲ್ಲಿ ನಾಯಿ ಇಲ್ಲ. ತನ್ನ ಕಾಲ್ಗುಣವೇ ಸರಿಯಿಲ್ಲವೆಂದು ಸೊಸೆ ಅಳುತ್ತಾಳಂತೆ.

ನಾನು ಏನು ಹೇಳಿದೆ ಗೊತ್ತೇ? 'ಅವತ್ತು ಬೆಳಕು ಚೆನ್ನಾಗಿತ್ತು' ಎಂದೆ. ಅಷ್ಟೇ. ಫೋಟೊ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ. ಅವರು ನನಗೆ ಕೈ ಮುಗಿದು ಹೋದರು. ನಿಮ್ಮ ಜೊತೆ ಬಾಳಿದ್ದಕ್ಕೆ ನಾನು ಕಲಿತದ್ದು ಇದನ್ನೇ.

ಹೋದ ಸಲ ಚಂಪಿಯ ಹೊಟ್ಟೆ ಕೊಯ್ದು ಮರಿ ತೆಗೆದಾಗ ಡಾಕ್ಟರು ಹೇಳಿದ್ದು ನಿಮಗೆ ನೆನಪಿಲ್ಲದಿರಬಹುದು. ಇನ್ನೊಂದು ಸೂಲಾದರೆ ಈ ನಾಯಿ ಉಳಿಯುವುದಿಲ್ಲ ಎಂದಿದ್ದರು. ಅವಳನ್ನು ಗಿರಿಧರ್ ಅವರಿಗೆ ಕೊಡಬೇಡಿ, ನನಗೆ ಕೊಡಿ. ಡಿಸೆಂಬರ್ ಒಂದು, ಭಾನುವಾರ ಬೆಳಿಗ್ಗೆ ಬರುತ್ತೇನೆ. ಒಳಗೆ ಬರುವುದಿಲ್ಲ, ಕಾಫಿಯೂ ಬೇಡ. ಮೂತಿ ಬೆಳ್ಳಗೇ ಇರಲಿ.

ನಿಮ್ಮ ನಾಯಿಗಳಿಗೆ ಬಣ್ಣ ಬಳಿದವಳು,
ತನುಜಾ

ತಾ.ಕ.: ಇದನ್ನು ವಾಟ್ಸಾಪಿನಲ್ಲಿ ಹಾಕದೆ ಕಾಗದದಲ್ಲಿ ಬರೆದು ಸಹಿ ಮಾಡಿದ್ದು, ನಾಳೆ ನನ್ನ ಮಾತಲ್ಲ ಎಂದು ನಾನೂ ಜಾರಿಕೊಳ್ಳಬಾರದೆಂದು. ಇದರ ಎರಡು ಜೆರಾಕ್ಸ್ ಮಾಡಿಸಿದೆ. ಒಂದು ಮೇಗರವಳ್ಳಿಗೆ ಗಿರಿಧರ್ ಅವರಿಗೆ, ಇನ್ನೊಂದು ಹೊಸನಗರಕ್ಕೆ. ಎರಡೂ ತಲುಪಿದವೆಂದು ಗೊತ್ತಾದ ಮೇಲೆಯೇ ನಿಮ್ಮದನ್ನು ಅಂಚೆಗೆ ಹಾಕುತ್ತಿದ್ದೇನೆ. ಬೆಳ್ಳಪ್ಪನವರ ಪ್ರತಿಯ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದೆ: 'ಅಣ್ಣಾ, ನಿಮ್ಮ ಮನೆಯಲ್ಲಿ ಯಾವ ದೋಷವೂ ಇರಲಿಲ್ಲ, ಸೊಸೆಗೆ ಹೇಳಿ.'